ನಿಮ್ಮ ಕ್ರೇಟು ನೀವು ತುಂಬಬೇಡಿ

ಬೆಳಿಗ್ಗೆ ಹದಿನಾಲ್ಕು ಕ್ರೇಟು ಟೊಮೆಟೊ ಹೇರಿಕೊಂಡು ಮಾರುಕಟ್ಟೆಗೆ ಹೋದ ನಮ್ಮ ಮನೆಯವರು, ಮಧ್ಯಾಹ್ನ ಐದು ಕ್ರೇಟು ವಾಪಸ್ಸು ತಂದು ಜಗಲಿಯ ಮೇಲೆ ದಬಕ್ಕನೆ ಇಟ್ಟರು. ಬಿಸಿಲಿನಲ್ಲಿ ಬೆಂದ ಹಣ್ಣು. ಒತ್ತಿದರೆ ಬೆರಳು ಒಳಗೇ ಹೋಗುತ್ತಿತ್ತು.

"ಏನ್ರೀ ಇದು?" ಎಂದೆ.

"ಎಲ್ಲಿ ನೋಡಿದ್ರೂ ಟೊಮೆಟೊ ಕಣೇ ಇವತ್ತು. ಕೇಳೋರೇ ಇಲ್ಲ."

"ಅಷ್ಟೊಂದು ಟೊಮೆಟೊ ತಂದವರು ಯಾರು?"

ಅವರು ಕಾಲು ತೊಳೆಯಲು ಹಿತ್ತಲಿಗೆ ಹೋದರು.

ಉತ್ತರ ನನಗೆ ಗೊತ್ತಿತ್ತು. ತಂದವನು ಅವರ ಸ್ವಂತ ತಮ್ಮ, ನನ್ನ ಮೈದುನ. ಅವನ ಹೊಲಕ್ಕೂ ನಮ್ಮ ಹೊಲಕ್ಕೂ ನಡುವೆ ಇರುವುದು ಒಂದೇ ಒಂದು ಬದು. ಅವನಾಚೆ ಇನ್ನೂ ಒಂಬತ್ತು ಮನೆಯವರು, ಬದನೆ ಬೆಳೆದು ಬೆಳೆದು ಬದನೆ ಅಜ್ಜ ಎನ್ನಿಸಿಕೊಂಡವರೂ ಅವರಲ್ಲೊಬ್ಬರು. ಕಾಲುವೆಯ ಉದ್ದಕ್ಕೂ ಒಟ್ಟು ಹನ್ನೊಂದು ಮನೆ, ಎಲ್ಲರದೂ ತುಂಡು ತುಂಡು ಜಮೀನು, ಎಲ್ಲರದೂ ತರಕಾರಿ. "ನಾಳೆ ಕೊಯ್ತೀರಾ?" ಎಂದು ಕೇಳಿದರೆ "ಇಲ್ಲಪ್ಪ, ಇನ್ನೂ ಹಸಿರಿದೆ" ಎನ್ನುತ್ತಾರೆ. ಮಾರನೇ ದಿನ ನೋಡಿದರೆ ಹನ್ನೊಂದು ಜನವೂ ಮಾರುಕಟ್ಟೆಯ ಒಂದೇ ಗೇಟಿನ ಮುಂದೆ ನಿಂತಿರುತ್ತಾರೆ. ಹನ್ನೊಂದು ಗಾಡಿ, ಒಂದೂ ಪೂರ್ತಿ ತುಂಬಿಲ್ಲ. ತಮ್ಮ ಒಂದು ದರ ಹೇಳಿದರೆ ಅಣ್ಣ ಅದಕ್ಕಿಂತ ಕಡಿಮೆ ಹೇಳುತ್ತಾರೆ. ಅಣ್ಣ ಹೇಳಿದ್ದಕ್ಕಿಂತ ತಮ್ಮ ಇನ್ನೂ ಕೆಳಗಿಳಿಯುತ್ತಾನೆ. ಮಂಡಿಯವನು ಬಾಯಿ ಬಿಡಬೇಕಾದ್ದೇ ಇಲ್ಲ, ಅವನ ಪರವಾಗಿ ಚೌಕಾಸಿ ಮಾಡಲು ನಮ್ಮ ಮನೆಯ ಅಣ್ಣತಮ್ಮಂದಿರಿದ್ದಾರೆ. ಇದನ್ನು ನೋಡಿ ನೋಡಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಆ ಸಂಜೆ ನನ್ನ ಓರಗಿತ್ತಿ, ಅಂದರೆ ಆ ಮೈದುನನ ಹೆಂಡತಿ, ಬದು ದಾಟಿ ನಮ್ಮ ಮನೆಗೆ ಬಂದಳು. ವಯಸ್ಸಿನಲ್ಲಿ ಚಿಕ್ಕವಳು, ಆದರೆ ನಾಲ್ಕು ಕಡೆ ಹೋಗಿ ವಿಚಾರಿಸಿಕೊಂಡು ಬರುವವಳು. ಬಂದವಳೇ ಜಗಲಿಯ ಕ್ರೇಟುಗಳನ್ನು ನೋಡಿ, "ನಮ್ಮನೇಲೂ ಆರು ವಾಪಸ್ಸು ಬಂದಿದೆ ಅಕ್ಕ" ಎಂದಳು. ಆಮೇಲೆ ನಮ್ಮವರ ಕಡೆ ತಿರುಗಿದಳು.

"ಭಾವ, ಆಸ್ಪತ್ರೆ ಅಡುಗೆಮನೆಗೆ ವಾರಕ್ಕೆ ಮೂರು ದಿನ ತರಕಾರಿ ಬೇಕಂತೆ. ನಾನೇ ಹೋಗಿ ಮಾತಾಡಿ ಬಂದೆ. ಒಬ್ಬೊಬ್ಬರ ಹತ್ರ ತಗೊಳಲ್ಲ ಅಂತಾರೆ. ಇವತ್ತು ಇದೆ ನಾಳೆ ಇಲ್ಲ ಅಂದ್ರೆ ರೋಗಿಗಳಿಗೆ ಏನು ಬಡಿಸೋದು ಅಂತ ಕೇಳ್ತಾರೆ. ನಾವು ಹನ್ನೊಂದು ಮನೆಯವರೂ ಸೇರಿದ್ರೆ ಕೊಡಬಹುದು. ಒಂದೇ ವ್ಯಾನು, ಒಂದೇ ದರ."

"ಸೇರಿದ್ರೆ!" ಎಂದು ನಮ್ಮವರು ನಕ್ಕರು. "ನಮ್ಮೋರು ಸೇರ್ತಾರಾ? ಕಾಲುವೆ ಗೇಟು ಎಷ್ಟು ಹೊತ್ತಿಗೆ ತೆಗೀಬೇಕು ಅನ್ನೋದಕ್ಕೇ ಮೂರು ಬಣ ಇದೆ."

"ಅದಕ್ಕೇ ಮೊದಲೇ ನಿಯಮ ಮಾಡ್ಕೊಳ್ಳೋಣ. ಯಾರು ಯಾವತ್ತು ಕೊಯ್ಯಬೇಕು, ಎಷ್ಟು ತರಬೇಕು ಅಂತ."

"ನನ್ನ ಹೊಲದಲ್ಲಿ ನಾನು ಯಾವಾಗ ಕೊಯ್ಯಬೇಕು ಅಂತ ನೀನು ಹೇಳ್ತೀಯಾ?"

"ಈಗ ಮಂಡಿಯವನು ಹೇಳ್ತಿಲ್ವಾ ಭಾವ?"

ನಮ್ಮವರು ಹೆಗಲ ಮೇಲಿನ ಟವೆಲು ಕೊಡವಿದರು. ಆಮೇಲೆ ಹೊಸ ತಕರಾರು ತೆಗೆದರು. "ನನ್ನ ಹಣ್ಣು ನೋಡಿದೀಯಾ? ಆ ಬದನೆ ಅಜ್ಜನ ಹುಳುಕು ಬದನೆ ಜೊತೆ ನನ್ನ ಟೊಮೆಟೊ ಒಂದೇ ವ್ಯಾನಲ್ಲಿ ಹೋಗಬೇಕಾ?"

"ಅಜ್ಜನೂ ನಿಮ್ಮ ಬಗ್ಗೆ ಹೀಗೇ ಏನೋ ಹೇಳಿದ್ರು" ಎಂದಳು ಓರಗಿತ್ತಿ. "ಅದನ್ನ ನಾನು ಇಲ್ಲಿ ಹೇಳಲ್ಲ."

ಗೋಡೆಗೆ ಹೇಳಿದಂತಾಯಿತು. ಅವಳು ಎದ್ದು ಹೋದಳು. ಆದರೆ ನಾನು ಬಿಡಬೇಕಲ್ಲ? ಆ ಐದು ಕ್ರೇಟನ್ನು ಜಗಲಿಯಿಂದ ಕದಲಿಸಲಿಲ್ಲ. ಮರುದಿನ ನೊಣ ಮುತ್ತಿದವು. ಅದರ ಮರುದಿನ ಮನೆ ತುಂಬಾ ಹುಳಿ ವಾಸನೆ. "ಎಸೀಬಾರದೇನೇ?" ಎಂದರು. "ನಿಮ್ಮ ಹೊಲ, ನಿಮ್ಮ ಹಣ್ಣು, ನಿಮ್ಮಿಷ್ಟ. ನೀವೇ ಎಸೀರಿ" ಎಂದೆ. ಮೂರನೇ ದಿನ ಅವರೇ ಹೊತ್ತು ಗುಂಡಿಗೆ ಹಾಕಿ ಬಂದರು. ಕೈಯೆಲ್ಲ ರಸ, ಮೂಗು ಮುಚ್ಚಿಕೊಳ್ಳಲೂ ಆಗದೆ ಒದ್ದಾಡುತ್ತಾ, "ಸರಿ, ಒಂದೇ ಒಂದು ತಿಂಗಳು. ಆಮೇಲೆ ನನ್ನ ತಲೆ ತಿನ್ನಬಾರದು" ಎಂದರು.

ಗುಂಪಾಯಿತು. ಓರಗಿತ್ತಿ ನಿಯಮ ಬರೆದಳು. ನಮ್ಮ ಮನೆಯಲ್ಲಿ ಯುದ್ಧ ಶುರುವಾದದ್ದು ಅದರ ನಾಲ್ಕನೇ ನಿಯಮಕ್ಕೆ. ಕ್ರೇಟಿನ ಮೇಲೆ ಎಂಥ ಹಣ್ಣಿದೆಯೋ ತಳದಲ್ಲೂ ಅಂಥದ್ದೇ ಇರಬೇಕು ಎಂಬುದು ಆ ನಿಯಮ.

ತರಕಾರಿ ಬೆಳೆಯದವರಿಗೆ ಇದರಲ್ಲಿ ಜಗಳಕ್ಕೇನಿದೆ ಎನಿಸಬಹುದು. ನಮ್ಮ ಕಡೆ ಕ್ರೇಟು ತುಂಬುವುದೇ ಒಂದು ವಿದ್ಯೆ. ಗೋಲಿ ಗಾತ್ರದವು, ಕಲೆ ಬಿದ್ದವು, ಅರ್ಧ ಹಸಿರಾದವು ತಳಕ್ಕೆ. ನಡುವೆ ಅಷ್ಟಕ್ಕಷ್ಟೇ ಎನ್ನುವಂಥವು. ಮೇಲಿನ ಎರಡು ಸಾಲು ಮಾತ್ರ ದಪ್ಪ, ಕೆಂಪು, ಹೊಳೆಯುವ ಹಣ್ಣು, ತೊಟ್ಟು ಕೆಳಗೆ ಮಾಡಿ ಜೋಡಿಸಿದ್ದು. ಮಂಡಿಯವನಿಗೂ ಇದು ಗೊತ್ತು. ಅವನು ತಳದಲ್ಲಿ ಹೇಗೂ ಗೋಲಿಯೇ ಇದೆ ಎಂದು ಲೆಕ್ಕ ಹಿಡಿದೇ ಬೆಲೆ ಕಟ್ಟುತ್ತಾನೆ. ಹಾಗಾಗಿ ಸರಿಯಾಗಿ ತುಂಬಿದವನಿಗೂ ಗೋಲಿಯ ಬೆಲೆಯೇ ಸಿಗುತ್ತದೆ, ಅಂದ ಮೇಲೆ ಸರಿಯಾಗಿ ತುಂಬುವವರು ಯಾರು? ಈ ವಿದ್ಯೆಯಲ್ಲಿ ನಮ್ಮ ಮನೆಯವರನ್ನು ಮೀರಿಸುವವರು ಕಾಲುವೆ ಉದ್ದಕ್ಕೂ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ನನಗೆ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದೂ ಅವರೇ.

"ಹಾಗಾದ್ರೆ ನನ್ನ ಕೈಚಳಕಕ್ಕೆ ಬೆಲೆನೇ ಇಲ್ವಾ?" ಎಂದು ಕೇಳಿದರು.

"ಇಲ್ಲ. ಒಂದೇ ಥರ ತುಂಬಿ. ನಿಮ್ಮಿಂದ ಗುಂಪಿಗೆ ಕೆಟ್ಟ ಹೆಸರು ಬಂದ್ರೆ ನಾನು ಸುಮ್ನಿರಲ್ಲ" ಎಂದೆ. ಒಂದು ಸಲವಲ್ಲ, ಪ್ರತಿ ಕೊಯ್ಲಿಗೂ ಹೇಳಿದೆ. ಅವರು ಹೊಟ್ಟೆ ಉರಿದುಕೊಂಡೇ ತುಂಬುತ್ತಿದ್ದರು. ಸಣ್ಣ ಹಣ್ಣನ್ನು ಪಕ್ಕಕ್ಕೆ ಎಸೆಯುವಾಗಲೆಲ್ಲ ನನ್ನ ಮುಖ ನೋಡುತ್ತಿದ್ದರು.

ಪ್ರತಿ ಮನೆಯ ಕ್ರೇಟಿಗೆ ಒಂದೊಂದು ಬಣ್ಣದ ದಾರ ಕಟ್ಟಬೇಕು ಎಂದಾಯಿತು. ನಮ್ಮದು ಹಸಿರು. ಎಲ್ಲರೂ ಕಾಲುವೆ ಪಕ್ಕದ ಹಳೆಯ ಶೆಡ್ಡಿಗೆ ತರುವುದು, ಅಲ್ಲಿಂದ ವ್ಯಾನು. ಬದನೆ ಅಜ್ಜ ಮಾತ್ರ ವ್ಯಾನು ತನ್ನ ಬಾಗಿಲಿಗೇ ಬರಬೇಕೆಂದು ಎರಡು ವಾರ ಜೀವ ಹಿಂಡಿದರು. ಆದರೂ ಐದು ಸಲ ಮಾಲು ಹೋಯಿತು, ಒಂದು ಹಣ್ಣೂ ವಾಪಸ್ಸು ಬರಲಿಲ್ಲ. ನಾನು ಜಗಲಿ ತೊಳೆದು ಬೆನ್ನು ನೇರ ಮಾಡಿಕೊಂಡು ಕೂತೆ.

ಆರನೇ ಸಲ ಬೆಳಿಗ್ಗೆ ಹತ್ತೂವರೆಗೆ ಓರಗಿತ್ತಿಯ ಫೋನ್ ಬಂತು.

"ಅಕ್ಕ, ಬೇಗ ಶೆಡ್ಡಿಗೆ ಬನ್ನಿ. ವ್ಯಾನು ವಾಪಸ್ಸು ಬರ್ತಿದೆ. ಪೂರ್ತಿ ವ್ಯಾನು."

ಆಸ್ಪತ್ರೆಯಲ್ಲಿ ಅಡುಗೆ ಸಾಮಾನು ಇಳಿಸಿಕೊಳ್ಳುವ ಸ್ಟೋರ್ ಮೇಡಂ ಅಂದು ಏನನ್ನಿಸಿತೋ, ಒಂದು ಕ್ರೇಟನ್ನು ನೆಲಕ್ಕೆ ಬೋರಲು ಹಾಕಿಸಿದ್ದರು. ಮೇಲೆ ಕೆಂಪು, ಕೆಳಗೆ ಗೋಲಿ. "ಒಂದನ್ನ ನೋಡಿದ ಮೇಲೆ ಉಳಿದದ್ದನ್ನ ಹೇಗೆ ನಂಬಲಿ? ಮೂರು ಗಂಟೆಯೊಳಗೆ ಸರಿಯಾದದ್ದು ತನ್ನಿ. ಇಲ್ಲಾಂದ್ರೆ ನಾಳೆಯಿಂದ ಹಳೇ ವ್ಯಾಪಾರಿನೇ ತರಲಿ" ಎಂದು ವ್ಯಾನು ತಿರುಗಿಸಿ ಕಳಿಸಿದ್ದರು.

ಆಸ್ಪತ್ರೆಯ ಆರ್ಡರ್ ಹೋದರೆ ಗುಂಪು ಒಂದು ದಿನವೂ ನಿಲ್ಲುವುದಿಲ್ಲ. ಮತ್ತೆ ಹನ್ನೊಂದು ಗಾಡಿ, ಮತ್ತೆ ಅದೇ ಗೇಟು, ಮತ್ತೆ ನನ್ನ ಜಗಲಿಯ ಮೇಲೆ ಬೆಂದ ಹಣ್ಣು. ಇನ್ನೊಮ್ಮೆ ನಮ್ಮವರನ್ನು ಒಪ್ಪಿಸುವುದು ನನ್ನ ಕೈಲಿ ಸಾಧ್ಯವಿರಲಿಲ್ಲ.

ಶೆಡ್ಡಿಗೆ ಹೋಗುವಷ್ಟರಲ್ಲಿ ಎಲ್ಲರೂ ಸೇರಿದ್ದರು. ವ್ಯಾನಿನಿಂದ ಆ ಒಂದು ಕ್ರೇಟನ್ನು ಇಳಿಸಿ ನಡುವೆ ಇಟ್ಟಿದ್ದರು. ಅದಕ್ಕೆ ಹಸಿರು ದಾರ.

ನಾನು ನಮ್ಮವರ ಕಡೆ ತಿರುಗಿದೆ. ಅಷ್ಟು ಜನರ ಮುಂದೆ ಎಂಬುದೂ ನೆನಪಾಗಲಿಲ್ಲ.

"ನಾನು ಬಡ್ಕೊಂಡೆ, ಬಡ್ಕೊಂಡೆ! ಪ್ರತಿ ಸಲ ಹೇಳಿದೆ. ಕೊನೆಗೂ ನಿಮ್ಮ ಬುದ್ಧಿ ತೋರಿಸಿದ್ರಿ ಅಲ್ವಾ? ಈಗ ನಾನು ಇವರಿಗೆಲ್ಲ ಹೇಗೆ ಮುಖ ತೋರಿಸ್ಲಿ?"

"ನಾನು ತುಂಬಿದ್ದಲ್ಲ ಅದು" ಎಂದರು.

"ಸುಳ್ಳು ಬೇರೆ ಹೇಳ್ತೀರಾ? ದಾರ ಕಾಣಲ್ವಾ?"

"ದಾರ ಕಾಣುತ್ತೆ. ಬೆಳಿಗ್ಗೆ ಪಂಪು ಕೆಟ್ಟಿತ್ತು, ನಾನು ಅಲ್ಲಿಗೆ ಹೋದೆ. ಕೊನೇ ಎರಡು ಕ್ರೇಟು ತುಂಬಿದ್ದು ಯಾರು?"

ನಾನು ಬಗ್ಗಿ ಆ ಹಸಿರು ದಾರದ ಗಂಟು ನೋಡಿದೆ.

ತುಂಬಿದ್ದು ನಾನು. ಒಳ್ಳೆಯ ಹಣ್ಣೆಲ್ಲ ಆರಿಸಿದ ಮೇಲೆ ಮಡಿಲಲ್ಲಿ ಒಂದಷ್ಟು ಸಣ್ಣವು ಉಳಿದಿದ್ದವು. ಎಸೆಯಲು ಮನಸ್ಸು ಬರಲಿಲ್ಲ. ಮನಸ್ಸು ಬೇರೇನೋ ಯೋಚಿಸುತ್ತಿತ್ತು, ಕೈ ತನ್ನ ಪಾಡಿಗೆ ಅವನ್ನು ತಳಕ್ಕೆ ಹಾಕಿ ಮೇಲೆ ದಪ್ಪದ್ದು ಜೋಡಿಸಿತ್ತು. ಇಪ್ಪತ್ತು ವರ್ಷದ ಅಭ್ಯಾಸ. ನನಗೆ ಅದು ತಪ್ಪು ಎಂದು ಹೊಳೆದೂ ಇರಲಿಲ್ಲ. ನೆಲ ಬಿರಿದು ನನ್ನನ್ನು ನುಂಗಬಾರದೇ ಎನ್ನಿಸಿತು.

"ನಾನೇ ತುಂಬಿದ್ದು" ಎಂದೆ. "ಎಲ್ಲರೂ ಕ್ಷಮಿಸಬೇಕು. ನೀವೂ ಕ್ಷಮಿಸಬೇಕು ರೀ."

"ಇಷ್ಟು ಜನರ ಮುಂದೆ ಬೈದಿದ್ದು ಮುಗೀತಾ, ಇನ್ನೂ ಇದೆಯಾ?" ಎಂದರು ನಮ್ಮವರು. ಅವರ ಕಿವಿ ಕೆಂಪಾಗಿತ್ತು.

ಬದನೆ ಅಜ್ಜ ಕೋಲು ಊರಿಕೊಂಡು ಮುಂದೆ ಬಂದರು. "ಗಂಡ ಹೆಂಡತಿ ಸೇರಿ ಹನ್ನೊಂದು ಮನೆ ಹಾಳು ಮಾಡಿದ್ರಿ. ನಾನು ಮೊದಲೇ ಹೇಳಿದ್ದೆ, ಇವರನ್ನ ಸೇರಿಸ್ಬೇಡಿ ಅಂತ."

ನಮ್ಮವರು ವ್ಯಾನಿನ ಹಿಂದಕ್ಕೆ ಹೋದರು. ಕ್ರೇಟುಗಳ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿದರು. ಅಜ್ಜನ ಹಳದಿ ದಾರದ ಒಂದು ಕ್ರೇಟಿನ ಮೇಲೆ ಕೈಯಿಟ್ಟು ಹಣ್ಣನ್ನು ಸ್ವಲ್ಪ ಅಲುಗಿಸಿದರು. ಅಜ್ಜ ಬದನೆಯ ಜೊತೆ ಒಂದಿಷ್ಟು ಟೊಮೆಟೊವನ್ನೂ ಬೆಳೆಯುತ್ತಾರೆ.

"ಅಜ್ಜ, ಇದನ್ನ ಸುರಿಯಲಾ?"

"ಯಾಕೆ? ಅದರಲ್ಲೇನಿದೆ?"

"ಏನಿದೆ ಅಂತ ನೋಡೋಕೇ."

"ಸುಮ್ನೆ ಹಣ್ಣು ಯಾಕೆ ಜಜ್ಜಬೇಕು? ಬಿಡು ಬಿಡು."

ನಮ್ಮವರು ಟಾರ್ಪಾಲು ಹಾಸಿ ಸುರಿದೇಬಿಟ್ಟರು. ಗೋಲಿಗಳು ಉರುಳಿ ಅಜ್ಜನ ಕಾಲ ಬಳಿಯೇ ಹೋಗಿ ನಿಂತವು. ಅಜ್ಜ ಕೆಮ್ಮಿದರು.

ಆಮೇಲೆ ನಮ್ಮವರು ನಿಲ್ಲಲಿಲ್ಲ. "ಇದು. ಇದು. ಇದನ್ನ ಬಿಡಿ, ಇದು ಸರಿಯಿದೆ. ಆ ಮೂಲೇದು ಇಳಿಸಿ" ಎಂದು ತೋರಿಸುತ್ತಾ ಹೋದರು, ತೋರಿಸಿದ ಒಂದೊಂದರ ತಳದಲ್ಲೂ ಗೋಲಿ ಸಿಕ್ಕಿತು. ನಲವತ್ತೊಂದು ಕ್ರೇಟಿನಲ್ಲಿ ಹದಿನೇಳು. ಹನ್ನೊಂದು ಮನೆಯಲ್ಲಿ ಒಂಬತ್ತು ಮನೆಯವರದ್ದು. ನಿಯಮ ಬರೆದ ನನ್ನ ಓರಗಿತ್ತಿಯದೂ ಎರಡು.

"ಭಾವ, ಅದು ನಮ್ಮ..." ಎಂದು ಏನೋ ಹೇಳಹೊರಟವಳು ಅಲ್ಲೇ ಮಣೆಯ ಮೇಲೆ ಕೂತುಬಿಟ್ಟಳು. ಅವಳ ಗಂಡ ಮೋಡ ನೋಡುತ್ತಾ ನಿಂತ.

"ಹೇಗೆ ಗೊತ್ತಾಯ್ತು ನಿಮಗೆ?" ಎಂದು ಯಾರೋ ಕೇಳಿದರು.

"ಮೂವತ್ತು ವರ್ಷ ಇದೇ ಕೆಲಸ ಮಾಡಿದ್ದೀನಿ, ಗೊತ್ತಾಗಲ್ವಾ?" ಎಂದು ನಮ್ಮವರು ಗುಡುಗಿದರು. "ಕೆಳಗೆ ಸಣ್ಣದು ಒತ್ತಿ ತುಂಬಿದ್ರೆ ಮೇಲಿನ ಹಣ್ಣು ಅಲುಗಲ್ಲ. ಗುಂಪು ಬೇಡ ಅಂದವನು ನಾನು! ಸರಿಯಾಗಿ ತುಂಬಿದವನೂ ನಾನೇ! ಬೇಕು ಬೇಕು ಅಂತ ಕುಣಿದವರೆಲ್ಲ ಏನು ಮಾಡಿದ್ರಿ? ಮಂಡಿಯಲ್ಲಿ ನಾನು ಮೋಸ ಮಾಡಿದ್ರೆ ನನ್ನ ಬೆಲೆ ಬೀಳ್ತಿತ್ತು. ಇಲ್ಲಿ ನಿಮ್ಮ ಗೋಲಿಗೆ ನನ್ನ ಹಣ್ಣು ಯಾಕೆ ವಾಪಸ್ಸು ಬರಬೇಕು?"

ನಾನಂತೂ ತಲೆ ಎತ್ತಲೇ ಇಲ್ಲ. ಇನ್ನು ಇವರು ಎದ್ದು ಮನೆಗೆ ನಡೆಯುತ್ತಾರೆ, ನಾಳೆಯಿಂದ ಮಂಡಿ ಎಂದುಕೊಂಡೆ. ಹಾಗೆ ಮಾಡಿದ್ದರೆ ತಡೆಯುವ ಬಾಯಿ ನನಗಿರಲಿಲ್ಲ.

ಅವರು ಹೋಗಲಿಲ್ಲ. ಗಡಿಯಾರ ನೋಡಿದರು. ಹನ್ನೆರಡಾಗಿತ್ತು.

"ಎಲ್ಲಾ ಸುರೀರಿ. ಇಲ್ಲಿ ಯಾರ ಕೈಯನ್ನೂ ನಂಬೋ ಹಾಗಿಲ್ಲ, ನನ್ನದೂ ಸೇರಿಸಿ. ಇವತ್ತು ನಾನು ಹಟಕ್ಕೆ ಸರಿಯಾಗಿ ತುಂಬಿದೆ, ನಾಳೆ ಮರೀತೀನಿ. ಯಾರೂ ತಮ್ಮ ಕ್ರೇಟು ತಾವು ತುಂಬೋದು ಬೇಡ. ತೂಕ ಹಾಕಿ ಬರೆದುಕೊಂಡು ಪಕ್ಕದವರ ಮುಂದೆ ಸುರೀರಿ. ನಂದು ಅಜ್ಜ ತುಂಬಲಿ, ಅಜ್ಜಂದು ನಾನು ತುಂಬ್ತೀನಿ."

"ಅದರಿಂದೇನಾಗುತ್ತೆ?" ಎಂದು ಮೈದುನ ಕೇಳಿದ.

"ನಿನ್ನ ಸಣ್ಣ ಹಣ್ಣು ಎಸೆಯೋಕೆ ನಿನಗೆ ಹೊಟ್ಟೆ ಉರಿಯುತ್ತೆ. ನನಗೆ ಉರಿಯುತ್ತಾ?"

ಎಲ್ಲರೂ ನಕ್ಕರು, ಅಜ್ಜ ಎಲ್ಲರಿಗಿಂತ ಜೋರಾಗಿ. ಕೂತು ಆರಿಸತೊಡಗಿದೆವು. ಅವರ ಮಾತು ನಿಜವೇ ಆಗಿತ್ತು. ನನ್ನ ಮಡಿಲಿಗೆ ಬಂದದ್ದು ಓರಗಿತ್ತಿಯ ಹಣ್ಣು, ಒಂದು ಚುಕ್ಕೆ ಕಂಡರೂ ಪಕ್ಕಕ್ಕೆ ಹಾಕಿದೆ. ಅವಳು ನನ್ನ ಹಣ್ಣಿಗೂ ಅದನ್ನೇ ಮಾಡುತ್ತಿದ್ದಳು. ನನಗೆ ನೋಯುತ್ತಿತ್ತು, ಆದರೆ ಯಾವ ಬಾಯಲ್ಲಿ ಕೇಳಲಿ? ಎರಡು ಗಂಟೆಗೆ ಮೂವತ್ತು ಕ್ರೇಟು ಒಳ್ಳೆಯ ಹಣ್ಣು, ಹನ್ನೊಂದು ಕ್ರೇಟು ಸಣ್ಣವು ಬೇರೆಯಾದವು. ಓರಗಿತ್ತಿ ಸ್ಟೋರ್ ಮೇಡಂಗೆ ಫೋನ್ ಮಾಡಿ, "ಹನ್ನೊಂದು ಕ್ರೇಟು ಕಡಿಮೆ ಇದೆ ಮೇಡಂ. ಇರೋದೆಲ್ಲ ತಳದವರೆಗೂ ಒಂದೇ ಥರ ಇದೆ" ಎಂದಳು. ಆ ಕಡೆಯಿಂದ "ತನ್ನಿ, ನೋಡ್ತೀನಿ" ಎಂದಷ್ಟೇ ಬಂತು.

ವ್ಯಾನಿನಲ್ಲಿ ಓರಗಿತ್ತಿಯ ಜೊತೆ ನಾನೂ ನಮ್ಮವರೂ ಹೋದೆವು. ದಾರಿಯುದ್ದಕ್ಕೂ ಅವರು ನನಗೆ ಬೆನ್ನು ಮಾಡಿ ಕೂತಿದ್ದರು. ಮೂರಕ್ಕೆ ಹತ್ತು ನಿಮಿಷ ಇರುವಾಗ ಆಸ್ಪತ್ರೆಯ ಹಿಂದಿನ ಬಾಗಿಲಿಗೆ ತಲುಪಿದೆವು. ಸ್ಟೋರ್ ಮೇಡಂ ಕನ್ನಡಕ ಸರಿಮಾಡಿಕೊಂಡು ಬಂದರು. "ಅದು ಸುರಿಯಿರಿ" ಎಂದರು. ಸುರಿದೆವು. "ಅದು." ಸುರಿದೆವು. ಹೀಗೆ ನಾಲ್ಕು. ಐದನೆಯದಕ್ಕೆ ಅವರ ಬೆರಳು ಹಸಿರು ದಾರದ ಕ್ರೇಟನ್ನು ತೋರಿಸಿತು. ನಾನು ಕಣ್ಣು ಮುಚ್ಚಿಕೊಂಡೆ. ಹಣ್ಣು ಉರುಳುವ ಸದ್ದು ಕೇಳಿತು, ಆಮೇಲೆ ನಮ್ಮವರು ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದ್ದು ಕೇಳಿತು.

"ಮುದುಕ ಎಷ್ಟು ಚೆನ್ನಾಗಿ ತುಂಬಿದಾನೆ ನೋಡೇ."

ಮೇಡಂ ಬಗ್ಗಿ ಒಂದು ಹಣ್ಣು ಎತ್ತಿಕೊಂಡು ತಿರುಗಿಸಿ ನೋಡಿದರು. "ಸರಿ, ಇಳಿಸಿ. ಆದ್ರೆ ಇನ್ನು ಒಂದು ತಿಂಗಳು ಪ್ರತಿ ಸಲ ಐದು ಸುರಿದು ನೋಡ್ತೀನಿ. ಒಂದು ಕೆಟ್ಟದ್ದು ಸಿಕ್ಕಿದ್ರೂ ಮತ್ತೆ ಈ ಬಾಗಿಲಿಗೆ ಬರಬೇಡಿ."

"ಐದು ಯಾಕೆ ಮೇಡಂ, ಹತ್ತು ಸುರೀರಿ!" ಎಂದುಬಿಟ್ಟರು ನಮ್ಮವರು. ನಾನು ಅವರ ತೋಳು ಚಿವುಟಿದೆ. ಹೊತ್ತು ಹಿಡಿಯುವ ಕೆಲಸ, ಹತ್ತು ಸುರಿದರೆ ಹತ್ತೂ ತುಂಬಬೇಕಾದವರು ಯಾರು?

ಇದೆಲ್ಲ ಆಗಿ ಎರಡು ಹಂಗಾಮು ಕಳೆದಿವೆ. ಆರ್ಡರ್ ಉಳಿದಿದೆ, ಗುಂಪೂ ಉಳಿದಿದೆ. ಸಣ್ಣ ಹಣ್ಣನ್ನು ಸಣ್ಣದು ಎಂದು ಹೇಳಿಯೇ ಬಸ್ ನಿಲ್ದಾಣದ ಹತ್ತಿರದ ಹೋಟೆಲಿಗೆ ಕೊಡುತ್ತೇವೆ. ಹೇಗೂ ರುಬ್ಬುವುದಕ್ಕೆ, ಗಾತ್ರ ಯಾರಿಗೆ ಬೇಕು ಎನ್ನುತ್ತಾರೆ ಅವರು. ಬದುವಿನ ಆ ಕಡೆ ಮೈದುನ ಈ ಸಲ ಬೀನ್ಸ್ ಹಾಕಿದ್ದಾನೆ, ಈ ಕಡೆ ನಮ್ಮದು ಟೊಮೆಟೊ. ಅಣ್ಣತಮ್ಮಂದಿರು ಕೂತು ಮಾತಾಡಿಯೇ ಹಾಕಿದ್ದು.

ಒಂದು ತಿಂಗಳು ಮಾತ್ರ ಎಂದಿದ್ದ ನಮ್ಮ ಮನೆಯವರು ಈಗ ಗುಂಪಿನ ತಪಾಸಣೆಗಾರರು. ಅವರ ಕಾಟ ಯಾರಿಗೂ ಬೇಡ. ಮೇಲಿನ ಕಾಲುವೆಯ ಬೆಳೆಗಾರರು ಕಂಡರೆ ಸಾಕು, ದಾರಿಯಲ್ಲೇ ಹಿಡಿದು ನಿಲ್ಲಿಸಿ, "ಒಬ್ಬೊಬ್ಬರೇ ಹೋಗಿ ಏನು ಸಾಧಿಸ್ತೀರಿ? ಸೇರ್ಕೊಳ್ರಿ" ಎಂದು ಗಂಟೆಗಟ್ಟಲೆ ಕೊರೆಯುತ್ತಾರೆ. ನಾನು ಹೇಳಿದ ಮಾತುಗಳನ್ನೇ ನನಗೇ ಹೇಳಿಕೊಡುತ್ತಾರೆ. ಬೇಡ ಎನ್ನುವ ಗಂಡನನ್ನು ಸಹಿಸಿದ್ದೆ, ಬೇಕು ಎನ್ನುವ ಈ ಗಂಡನನ್ನು ಸಹಿಸುವುದು ಇನ್ನೂ ಕಷ್ಟವಾಗಿದೆ.

ತರಕಾರಿ ಬೆಳೆಯುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಗುತ್ತಿದ್ದೀರಾ? ನಗಿ, ಆದರೆ ಕೇಳಿ. ನಿಮ್ಮ ಹೊಲದ ಸುತ್ತ ಹತ್ತು ಮನೆಯವರಿದ್ದರೆ ಹತ್ತು ಗಾಡಿ ಏಕೆ? ಕೂತು ಮಾತಾಡಿ. ಯಾರು ಏನು ಹಾಕಬೇಕು, ಯಾವತ್ತು ಕೊಯ್ಯಬೇಕು ಎಂದು ಗೊತ್ತು ಮಾಡಿಕೊಳ್ಳಿ. ಒಂದೇ ಜಾಗಕ್ಕೆ ತನ್ನಿ, ಎಲ್ಲರ ಕಣ್ಣೆದುರು ಆರಿಸಿ, ಒಂದೇ ಬಾಯಲ್ಲಿ ದರ ಹೇಳಿ. ನಿಮ್ಮ ಕ್ರೇಟನ್ನು ಪಕ್ಕದವರು ತುಂಬಲಿ, ಅವರದನ್ನು ನೀವು ತುಂಬಿ. ಪಕ್ಕದವರನ್ನು ನಂಬುವುದು ಹೇಗೆ ಎಂದು ನನ್ನನ್ನು ಕೇಳಬೇಡಿ. ಈಗಲೇ ಅಂಗಳಕ್ಕೆ ಹೋಗಿ, ನೀವೇ ತುಂಬಿಟ್ಟ ಒಂದು ಕ್ರೇಟನ್ನು ಬೋರಲು ಹಾಕಿ. ತಳದಲ್ಲಿ ಏನು ಸಿಕ್ಕಿತು ಎಂಬುದನ್ನು, ಅವರು ಕೇಳುವ ಮೊದಲು, ನೀವೇ ಹೋಗಿ ಪಕ್ಕದ ಹೊಲದವರಿಗೆ ಹೇಳಿ.